ರಾಹುಕಾಲದಲ್ಲಿ ಕೂತ ಕಾರ್ಡು

ಆ ಶುಕ್ರವಾರ ಬೆಳಿಗ್ಗೆ ಹತ್ತೂವರೆ ಆಗಲಿ ಎಂದು ನಾನು ಬೇಕೆಂದೇ ಕಾದೆ. ಹೊಸ ಗ್ರಾಫಿಕ್ಸ್ ಕಾರ್ಡು ಕೈಯಲ್ಲಿತ್ತು, ಸ್ಕ್ರೂಡ್ರೈವರ್ ಜೇಬಿನಲ್ಲಿತ್ತು, ಶ್ರೀನಿವಾಸಪುರದಲ್ಲಿ ಅಪರೂಪಕ್ಕೆ ಕರೆಂಟೂ ಇತ್ತು. ಒಂಬತ್ತೂವರೆಗೇ ಕೆಲಸ ಶುರು ಮಾಡಬಹುದಾಗಿತ್ತು. ಆದರೆ ದೊಡ್ಡಪ್ಪ ಜಗುಲಿಯಲ್ಲಿ ಕೂತು, ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ, ಅದಕ್ಕೆ ಮುಂಚೆ ಕೂರಿಸಿಬಿಡು, ಇಲ್ಲವೆಂದರೆ ಊಟವಾದ ಮೇಲೆ ನೋಡಿಕೋ ಎಂದಿದ್ದರು. ಅವರು ಬಾಯಿ ಬಿಡದೆ ಇದ್ದಿದ್ದರೆ ಒಂಬತ್ತೂವರೆಗೇ ಕೂರಿಸುತ್ತಿದ್ದೆ. ಹೇಳಿದ ಮೇಲೆ ಕೂರಿಸುವುದಕ್ಕೆ ರಾಹುಕಾಲಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವಂತಿರಲಿಲ್ಲ.

ಆಗ ನನಗೆ ಇಪ್ಪತ್ತು ವರ್ಷ. ಮನೆ ಮಾಲೂರಿನಲ್ಲಿ, ಕಾಲೇಜು ಕೋಲಾರದಲ್ಲಿ. ಪಾಠಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಲ್ಲಿ ಓದಿದವನು ನಾನು. ಒಂದೇ ವಿಷಯದ ಪರವಾಗಿ ಬೆಳಿಗ್ಗೆ ಮಾತಾಡಿ, ಮಧ್ಯಾಹ್ನ ಅದನ್ನೇ ವಿರೋಧಿಸಿ, ಎರಡು ಸಲವೂ ಚಪ್ಪಾಳೆ ತೆಗೆದುಕೊಂಡ ದಿನಗಳುಂಟು. ಮುಳಬಾಗಿಲಿನ ಒಂದು ಕಾಲೇಜಿನಲ್ಲಿ ಜಾತಕದ ವಿರುದ್ಧ ಮಾತಾಡಿ ಗೆದ್ದ ಕಪ್ಪು ನಮ್ಮ ಮನೆಯಲ್ಲಿತ್ತು. ಅಮ್ಮ ಅದರಲ್ಲಿ ಚಮಚಗಳನ್ನು ನಿಲ್ಲಿಸುತ್ತಿದ್ದಳು. ಅಂದಿನ ತೀರ್ಪುಗಾರರಲ್ಲಿ ಒಬ್ಬರು ಪುರೋಹಿತರ ಮನೆಯವರು, ನನಗೆ ಹೆಚ್ಚು ಅಂಕ ಕೊಟ್ಟವರೂ ಅವರೇ. ಇದನ್ನು ನಾನು ಮುಂದಿನ ಎಲ್ಲ ಜಗಳಗಳಲ್ಲೂ ಸಾಕ್ಷಿಯಾಗಿ ಬಳಸಿದೆ. ಇನ್ನೊಂದು ವಿದ್ಯೆಯೆಂದರೆ ಕಂಪ್ಯೂಟರು. ಕಾಲೇಜಿನ ಲ್ಯಾಬಿನಲ್ಲಿ ಕೆಟ್ಟು ಮೂಲೆ ಸೇರಿದ್ದ ಡಬ್ಬಗಳನ್ನು ಬಿಚ್ಚಿ, ಒಂದರ ಅಂಗ ಇನ್ನೊಂದಕ್ಕೆ ಹಾಕಿ, ನಾಲ್ಕರಲ್ಲಿ ಎರಡನ್ನಾದರೂ ಎಬ್ಬಿಸಿ ಕೂರಿಸಿದ್ದೆ. ಹಾಗಾಗಿ ದೊಡ್ಡಮ್ಮನ ಮಗಳು, ನಾನು ಅಕ್ಕ ಎನ್ನುವವಳು, ಫೋನು ಮಾಡಿದಾಗ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಬರ್ತೀನಿ, ಅರ್ಧ ಗಂಟೆ ಕೆಲಸ ಎಂದೆ.

ಅಕ್ಕ ಶ್ರೀನಿವಾಸಪುರದ ಮನೆಯ ಮುಂದಿನ ಕೋಣೆಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟು ಮೂರು ವರ್ಷವಾಗಿತ್ತು. ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಮದುವೆಯ ಕರೆಯೋಲೆ, ಎಲ್ಲವೂ ಕಪ್ಪು ಅಕ್ಷರದ ಕೆಲಸ. ಊರು ಮಾತ್ರ ಮಾವಿನ ಊರು. ಸುಗ್ಗಿಯಲ್ಲಿ ಸಗಟು ಹಣ್ಣಿನ ಮಂಡಿಗಳಿಂದ ಹೊರಡುವ ಪೆಟ್ಟಿಗೆಗಳ ಮೇಲೆಲ್ಲ ಬಣ್ಣದ ಲೇಬಲ್ಲು, ಒಂದು ಸಾಲು ಕನ್ನಡ, ಒಂದು ಸಾಲು ತೆಲುಗು, ನಡುವೆ ಹಣ್ಣಿನ ಚಿತ್ರ. ಅವನ್ನೆಲ್ಲ ಮಂಡಿಯವರು ಬೆಂಗಳೂರಿನಲ್ಲೋ ಚಿತ್ತೂರಿನಲ್ಲೋ ಮಾಡಿಸುತ್ತಿದ್ದರು. ಎರಡೂ ಭಾಷೆ ತಪ್ಪಿಲ್ಲದೆ ಜೋಡಿಸಬಲ್ಲವಳು ಮೂರು ಬೀದಿ ಆಚೆ ಕೂತಿದ್ದಾಳೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅಕ್ಕನೇ ಒಬ್ಬ ಮಂಡಿ ಯಜಮಾನರ ಹತ್ತಿರ ಹೋಗಿ, ಒಂದು ಸಲ ನಾನು ಮಾಡಿದ್ದು ನೋಡಿ, ಹಿಡಿಸದಿದ್ದರೆ ಬಿಡಿ ಎಂದು ಕೇಳಿ ಕರೆದುಕೊಂಡು ಬಂದಳು.

ಅವರು ನೋಡಿದರು. ಹಿಡಿಸಲಿಲ್ಲ. ತಪ್ಪು ಅಕ್ಕನದಲ್ಲ. ಆ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ತೋರಿಸುವ ಕೆಲಸವನ್ನು ಮುಖ್ಯ ಬೋರ್ಡೇ ಮಾಡಿಕೊಳ್ಳುತ್ತಿತ್ತು, ಅದರ ಕೈಯಲ್ಲಿದ್ದ ಬಣ್ಣ ಸ್ವಲ್ಪವೇ. ಬಾದಾಮಿ ಮಾವಿನ ಹಳದಿ ಮೆಲ್ಲಗೆ ಕೆಂಪಿಗೆ ತಿರುಗಬೇಕಾದ ಕಡೆ ಪಟ್ಟೆ ಪಟ್ಟೆಯಾಗಿ ನಿಲ್ಲುತ್ತಿತ್ತು. ಇದೇನಮ್ಮಾ ಹಣ್ಣೋ ಕಲ್ಯಾಣಿಯ ಮೆಟ್ಟಿಲೋ ಎಂದು ಯಜಮಾನರು ಕೇಳಿದರಂತೆ. ಅಚ್ಚಿನಲ್ಲಿ ಸರಿಯಾಗಿ ಬರುತ್ತೆ ಎಂದು ಅಕ್ಕ ಹೇಳಿದರೆ, ಕಣ್ಣಿಗೆ ಕಾಣಿಸದೆ ಇರೋದನ್ನ ನಾನು ನಂಬಲ್ಲ ಎಂದರಂತೆ. (ಈ ಮಾತಿಗಾಗಿ ನಾನು ಅವರನ್ನು ಈಗಲೂ ಗೌರವಿಸುತ್ತೇನೆ.) ಶುಕ್ರವಾರ ನಾಲ್ಕು ಗಂಟೆಗೆ ಇನ್ನೊಂದು ಸಲ ಬರ್ತೀನಿ, ಶನಿವಾರ ಹೇಗೂ ಬೆಂಗಳೂರಿಗೆ ಹೋಗೋದಿದೆ, ಆಗದಿದ್ದರೆ ಪ್ರತಿ ವರ್ಷದ ಹಾಗೆ ಅಲ್ಲೇ ಮಾಡಿಸಿಕೊಳ್ತೀನಿ ಎಂದು ಎದ್ದು ಹೋದರು. ಒಬ್ಬ ಮಂಡಿಯವರು ಬೇಡವೆಂದರೆ ಉಳಿದವರು ಇಣುಕಿಯೂ ನೋಡುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಜೀವನವಿಡೀ ಅರ್ಜಿ ಟೈಪು ಮಾಡ್ಕೊಂಡು ಕೂತ್ಕೋಬೇಕಾ ಕಣೋ ಎಂದು ಫೋನಿನಲ್ಲಿ ಕೇಳಿದಳು.

ನಾನು ಗುರುವಾರ ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಾರ್ಡು ತಂದೆ. ಚಿತ್ರ ತೋರಿಸುವುದಷ್ಟೇ ಅದರ ಕೆಲಸ. ಅದಕ್ಕೆಂದೇ ಅದರದೇ ಚಿಪ್ಪು, ಅದರದೇ ನೆನಪು. ಕಂಪ್ಯೂಟರಿನೊಳಗೆ ಒಂದು ಖಾಲಿ ಸೀಳಿಗೆ ಒತ್ತಿ ಕೂರಿಸಿದರೆ ಆಯಿತು. ಮಾರನೆಯ ಬೆಳಿಗ್ಗೆ ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಅದನ್ನು ಮೊಸರಿನ ಪಾತ್ರೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು ಶ್ರೀನಿವಾಸಪುರ ತಲುಪಿದೆ.

ಆ ಮನೆಯ ಕಂಪ್ಯೂಟರಿನ ಬಗ್ಗೆ ಎರಡು ಮಾತು ಹೇಳಬೇಕು. ಮೊದಲನೆಯದು ಅದು ಕೂತ ಜಾಗ. ಹಿಂದೆ ರಾಗಿ ತುಂಬಿಡುವ ಮಣ್ಣಿನ ವಾಡೆ ಇದ್ದ ಮೂಲೆಗೆ ಮೇಜು ಹಾಕಿ, ಮೇಜಿನ ಕೆಳಗೆ ಪೆಟ್ಟಿಗೆಯನ್ನು ಗೋಡೆಗೆ ಬೆನ್ನು ಮಾಡಿ ಇಟ್ಟಿದ್ದರು. ವೈರುಗಳೆಲ್ಲ ಆ ಬೆನ್ನಿಗೆ. ಗೋಡೆಗೂ ಮೇಜಿಗೂ ನಡುವಿನ ಸಂದಿಯಲ್ಲಿ ಕತ್ತಲು, ಅದರೊಳಗೆ ತೂರಬಲ್ಲವಳು ಆ ಮನೆಯಲ್ಲಿ ದೊಡ್ಡಮ್ಮ ಒಬ್ಬಳೇ, ಕಡ್ಡಿಯಂಥ ಹೆಂಗಸು. ಎರಡನೆಯದು ಅವಳ ಸಿಡಿಲಿನ ಭಯ. ಒಂದು ಬೇಸಿಗೆ ಪಕ್ಕದ ಎಸ್.ಟಿ.ಡಿ. ಬೂತಿಗೆ ಸಿಡಿಲು ಬಡಿದು ಎಲ್ಲ ಸುಟ್ಟುಹೋಗಿತ್ತು. ಅಂದಿನಿಂದ ದೊಡ್ಡಮ್ಮ ದಿನಾ ಸಂಜೆ ಆ ಸಂದಿಗೆ ತೂರಿ ಕಂಪ್ಯೂಟರಿನ ಒಂದೊಂದು ವೈರನ್ನೂ ಕಿತ್ತು, ಬೆಳಿಗ್ಗೆ ಮತ್ತೆ ಒಂದೊಂದಾಗಿ ಚುಚ್ಚುತ್ತಿದ್ದಳು. ಕರೆಂಟಿನ ಪ್ಲಗ್ಗೊಂದನ್ನು ಕಿತ್ತರೆ ಸಾಕು, ಉಳಿದದ್ದು ಸುಮ್ಮನೆ ಶ್ರಮ ಎಂದು ನಾನು ಮೂರು ಸಲ ವಾದ ಮಾಡಿದ್ದೆ. ಮೂರು ಸಲವೂ ಅವಳು ಹೂಂ ಎಂದು ಕೇಳಿ, ಸಂಜೆ ಎಲ್ಲವನ್ನೂ ಕಿತ್ತಿದ್ದಳು.

ಆ ಪೆಟ್ಟಿಗೆಯ ಬೆನ್ನಿನ ಮೇಲೆ ಅರಿಶಿನ, ಕುಂಕುಮ, ವಿಭೂತಿಯ ಬೊಟ್ಟುಗಳಿದ್ದವು. ಆಯುಧಪೂಜೆಯಲ್ಲಿ ಹೊಲಿಗೆ ಯಂತ್ರಕ್ಕೆ, ಈಳಿಗೆ ಮಣೆಗೆ, ಸೈಕಲ್ಲಿಗೆ ಇಟ್ಟ ಹಾಗೆ ಇದಕ್ಕೂ ಇಟ್ಟಿದ್ದಾಳೆ ಎಂದುಕೊಂಡಿದ್ದೆ. ಈ ಬೊಟ್ಟುಗಳ ಬಗ್ಗೆ ನನ್ನ ಬಳಿ ಸಿದ್ಧ ಭಾಷಣವೇ ಇತ್ತು.

ಹತ್ತೂಮುಕ್ಕಾಲಿಗೆ ಶುರು ಮಾಡಿದೆವು. ದೊಡ್ಡಮ್ಮ ಸಂದಿಗೆ ತೂರಿ ವೈರುಗಳನ್ನು ಕಿತ್ತುಕೊಟ್ಟಳು, ನಾನು ಪೆಟ್ಟಿಗೆಯನ್ನು ಮುಂದಕ್ಕೆ ಎಳೆದು ಬೆಳಕಿನಲ್ಲಿಟ್ಟು ಬಿಚ್ಚಿದೆ. ಕಂದು ಬಣ್ಣದ ಸೀಳು ಖಾಲಿ ಇತ್ತು. ಕಾರ್ಡು ಟಕ್ಕೆಂದು ಕೂತಿತು, ಅದರ ಹೊಸ ಕಿಂಡಿ ಪೆಟ್ಟಿಗೆಯ ಬೆನ್ನಿನಲ್ಲಿ ಕೆಳಗಡೆ ಹೊರಮುಖವಾಗಿ ಕಾಣಿಸಿತು. ಅಷ್ಟರಲ್ಲಿ ದೊಡ್ಡಮ್ಮ ತಟ್ಟೆ ಹಿಡಿದು ಬಂದಿದ್ದಳು.

"ಹೊಸದಕ್ಕೂ ಒಂದು ಬೊಟ್ಟು ಇಟ್ಬಿಡ್ತೀನಿ ತಡಿ."

"ಕುಂಕುಮದಲ್ಲಿ ಕರೆಂಟ್ ಹರಿಯಲ್ಲ ದೊಡ್ಡಮ್ಮ. ಪುಡಿ ಒಳಗೆ ಬಿದ್ರೆ ಹರಿಯೋದೂ ನಿಂತುಹೋಗುತ್ತೆ. ಇಷ್ಟಕ್ಕೂ ಬೊಟ್ಟಿಲ್ದೆ ಇದು ಕೆಲ್ಸ ಮಾಡಲ್ಲ ಅನ್ನೋದಕ್ಕೆ ಏನು ಆಧಾರ, ಹೇಳು ನೋಡೋಣ."

ಅವಳು ತಟ್ಟೆಯನ್ನು ದೇವರ ಗೂಡಿನಲ್ಲಿಟ್ಟು ಬಂದಳು. ಎದುರಾಳಿ ಸುಮ್ಮನಾದರೆ ಗೆದ್ದೆ ಎಂದು ಬರೆದುಕೊಳ್ಳುವುದು ನಮ್ಮ ಸ್ಪರ್ಧೆಗಳ ರೂಢಿ.

ಪೆಟ್ಟಿಗೆ ಮುಚ್ಚಿ ಒಳಕ್ಕೆ ತಳ್ಳುವಾಗ ದೊಡ್ಡಪ್ಪ ಜಗುಲಿಯಿಂದ, ಗಂಟೆ ಎಷ್ಟಪ್ಪ ಎಂದರು. ನಾನು ಅದಕ್ಕಾಗಿಯೇ ಕಾಯುತ್ತಿದ್ದವನು. ಹನ್ನೊಂದು ಕಾಲು, ಸರಿಯಾಗಿ ರಾಹುವಿನ ಬಾಯೊಳಗೆ ಎನ್ನುತ್ತಾ ಹೊರಗೆ ಹೋದೆ. ರಾಹುಕಾಲ ಕೋಲಾರಕ್ಕೂ ಕಲ್ಕತ್ತಕ್ಕೂ ಒಂದೇ ಹೊತ್ತಿಗೆ ಹೇಗೆ ಬರುತ್ತದೆ, ಸೂರ್ಯ ಎರಡೂ ಊರಿನಲ್ಲಿ ಒಂದೇ ಸಲ ಹುಟ್ಟುತ್ತಾನಾ, ಶುಕ್ರವಾರ ಈ ಹೊತ್ತಿನಲ್ಲಿ ಹೊರಟ ಬಸ್ಸುಗಳೆಲ್ಲ ಎಲ್ಲಿ ಬಿದ್ದಿವೆ, ಹೀಗೆ ಹತ್ತು ನಿಮಿಷ ಮಾತಾಡಿದೆ. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು. ಒಳಗೆ ಬರುವಷ್ಟರಲ್ಲಿ ದೊಡ್ಡಮ್ಮ ವೈರುಗಳನ್ನೆಲ್ಲ ಚುಚ್ಚಿ ಕೈ ಒರೆಸಿಕೊಳ್ಳುತ್ತಿದ್ದಳು. ಅಕ್ಕ ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಒಂದು ಬೀಪು ಬಂತು. ಪರದೆ ಕಪ್ಪಗೇ ಇತ್ತು.

ಒಂದು ನಿಮಿಷ ಕಾದೆವು. ಆಮೇಲೆ ಸ್ಪೀಕರಿನಿಂದ ವಿಂಡೋಸ್ ಶುರುವಾಗುವ ರಾಗ ಇಂಪಾಗಿ ಕೇಳಿಸಿತು. ಪರದೆ ಆಗಲೂ ಕಪ್ಪು. ಮೂಲೆಯ ಪುಟ್ಟ ದೀಪ ಹಸಿರಾಗುವ ಬದಲು ಕಿತ್ತಳೆಯಾಗಿ ನಿಂತಿತ್ತು.

ನನಗೆ ಗಾಬರಿಯಾಗಲಿಲ್ಲ, ಖುಷಿಯೇ ಆಯಿತು. ಇದು ನನ್ನ ಅಖಾಡ. ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ವಾದ ಮಂಡಿಸಿದೆ. ಕಂಪ್ಯೂಟರು ಸತ್ತಿಲ್ಲ, ಯಾಕೆಂದರೆ ಹಾಡುತ್ತಿದೆ. ಒಂದೇ ಬೀಪು ಎಂದರೆ ಒಳಗಿನ ಅಂಗಗಳೆಲ್ಲ ಆರೋಗ್ಯವಾಗಿವೆ ಎಂದರ್ಥ. ಆದ್ದರಿಂದ ತೊಂದರೆ ಇರುವುದು ಪರದೆಯಲ್ಲಿ, ಅಥವಾ ವೈರಿನಲ್ಲಿ, ಅಥವಾ ಕಾರ್ಡು ಸರಿಯಾಗಿ ಕೂರದಿರುವುದರಲ್ಲಿ. ಮೂರೇ ದಾರಿ.

ಹಾಡ್ತಿದೆ ಅನ್ನೋದಷ್ಟೇ ಸಾಕ್ಷಿನಾ ಎಂದು ಅಕ್ಕ ಕೇಳಿದಳು. ಕೇಳಿದವಳೇ ಕೀಬೋರ್ಡನ್ನು ತೊಡೆಗೆ ಎಳೆದುಕೊಂಡು, ಪರದೆಯ ಕಡೆ ನೋಡದೆ, ಮೌಸು ಮುಟ್ಟದೆ, ಬೆರಳ ನೆನಪಿನಿಂದಲೇ ಏನೇನೋ ಒತ್ತಿದಳು. ಮೂರು ವರ್ಷ ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ ಮಾಡಿದ ಬೆರಳು ಅವು. ಪ್ರಿಂಟರು ಕರಕರ ಎಂದು ಎದ್ದು ಒಂದು ಹಾಳೆ ಹೊರಗೆ ಹಾಕಿತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಸಾಲು ಇತ್ತು: ನನ್ನ ತಮ್ಮ ಮಹಾ ಜಾಣ.

"ಈಗ ಒಪ್ಪಿದೆ. ಜೀವ ಇದೆ, ಕಣ್ಣು ಮಾತ್ರ ಹೋಗಿದೆ" ಎಂದಳು.

ಆ ಹಾಳೆ ನನ್ನ ಬಳಿ ಈಗಲೂ ಇದೆ.

ಮೊದಲು ಪರದೆಯನ್ನು ಪರೀಕ್ಷಿಸಿದೆವು. ವೈರು ಕೀಳು ಎಂದೆ, ದೊಡ್ಡಮ್ಮ ಸಂದಿಯೊಳಗಿಂದ ಕಿತ್ತಳು. ಕಿತ್ತ ಕೂಡಲೇ ಪರದೆಯ ಮೇಲೆ ಕೆಂಪು ಹಸಿರು ನೀಲಿ ಪಟ್ಟಿಗಳು ಬಂದವು. ವೈರು ಇಲ್ಲದಾಗ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಪರದೆ ಅದು. ಚುಚ್ಚು ಎಂದೆ, ಚುಚ್ಚಿದಳು, ಮತ್ತೆ ಕಪ್ಪು. ಸರಿ, ಪರದೆ ನಿರ್ದೋಷಿ. ಆಮೇಲೆ ವೈರು. ಇಲ್ಲಿ ನಾನು ದೊಡ್ಡಮ್ಮನನ್ನು ವಿಚಾರಣೆ ಮಾಡಿದೆ. ಪರದೆಯ ವೈರು ಹಾಕಿದ್ದೀಯಾ? ಹಾಕಿದ್ದೀನಿ. ಗಟ್ಟಿಯಾಗಿ ಕೂತಿದೆಯಾ? ಕೂತಿದೆ. ಎರಡು ಕಡೆಯ ತಿರುಪೂ ತಿರುಗಿಸಿದ್ದೀಯಾ? ತಿರುಗಿಸಿದ್ದೀನಿ ಕಣೋ. ಅಲ್ಲಿಗೆ ವೈರೂ ನಿರ್ದೋಷಿ. ಉಳಿದದ್ದು ಕಾರ್ಡು ಕೂತ ರೀತಿ. ದೊಡ್ಡಮ್ಮ ವೈರು ಕಿತ್ತಳು, ನಾನು ಪೆಟ್ಟಿಗೆ ಎಳೆದೆ, ಕಾರ್ಡು ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ, ಪೆಟ್ಟಿಗೆ ತಳ್ಳಿದೆ, ಅವಳು ವೈರು ಚುಚ್ಚಿದಳು. ಕಪ್ಪು. ಇನ್ನೊಂದು ಸಲ ಅದೇ. ಕಪ್ಪು. ಮೂರು ದಾರಿಗಳೂ ಮುಗಿದವು. ಆಗ ಸರಿಯಾಗಿ ಒಂದು ಗಂಟೆಗೆ ಕರೆಂಟು ಹೋಯಿತು. ಇನ್ನು ಮೂರಕ್ಕೇ ಬರುವುದು.

ಮುದ್ದೆ, ಮಸೊಪ್ಪು. ಅಕ್ಕ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು. ಅವಳಿಗೆ ರಾಹುವಿನ ಚಿಂತೆಯೂ ಇರಲಿಲ್ಲ, ನನ್ನ ಸಿದ್ಧಾಂತದ ಚಿಂತೆಯೂ ಇರಲಿಲ್ಲ. ನಾಲ್ಕು ಗಂಟೆಗೆ ಬರುವ ಮನುಷ್ಯನಿಗೆ ಈ ಕಪ್ಪು ಗಾಜು ತೋರಿಸಿ ಏನು ಹೇಳಲಿ ಎನ್ನುವುದಷ್ಟೇ ಅವಳ ಮುಖದಲ್ಲಿತ್ತು. ದೊಡ್ಡಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, ಯಾರನ್ನೂ ನೋಡದೆ ಒಂದೇ ಮಾತು ಹೇಳಿದರು.

"ರಾಹು ಏನೂ ಮಾಡಿಲ್ಲ ಬಿಡು. ಪಾಪ, ಅವನ ಹೆಸರು ಯಾಕೆ ಎತ್ತೋದು."

ಇಂಥ ಮಾತಿಗೆ ಉತ್ತರ ಕೊಡುವುದನ್ನು ಯಾವ ಸ್ಪರ್ಧೆಯಲ್ಲೂ ಕಲಿಸುವುದಿಲ್ಲ. ಆದರೂ ಹೇಳಬೇಕು: ರಾಹುವೇ ಕಾರಣ ಇರಬಹುದೇ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಕಾರಣ ಒಂದಿದೆ, ಅದು ಈ ಕೋಣೆಯೊಳಗೇ ಇದೆ, ನಾನದನ್ನು ನೋಡುತ್ತಿಲ್ಲ ಎಂದಷ್ಟೇ ಅನ್ನಿಸುತ್ತಿತ್ತು. ನನ್ನ ಮೂರು ದಾರಿಗಳ ಪಟ್ಟಿಯನ್ನು ಮನಸ್ಸಿನಲ್ಲಿ ಹತ್ತು ಸಲ ಓದಿದೆ. ಪಟ್ಟಿಯಲ್ಲಿ ತಪ್ಪಿರಲಿಲ್ಲ. ಕಾರ್ಡೇ ಕೆಟ್ಟದ್ದು, ಅಂಗಡಿಯವನು ಮೋಸ ಮಾಡಿದ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅಕ್ಕನಿಗೆ ಅದರಿಂದ ಏನು ಬಂತು? ಹಳೆಯ ಸ್ಥಿತಿಗೆ ತಂದು ಪಟ್ಟೆಯ ಹಣ್ಣನ್ನೇ ತೋರಿಸಿದರೂ ಅದೇ ಫಲ.

ಮೂರು ಗಂಟೆಗೆ ಕರೆಂಟು ಬಂತು. ಗುಂಡಿ ಒತ್ತಿದೆವು. ಬೀಪು, ರಾಗ, ಕಪ್ಪು. ನಾನು ಮತ್ತೆ ದೊಡ್ಡಮ್ಮನ ಕಡೆ ತಿರುಗಿ, ವೈರು ಸಡಿಲ ಇಲ್ಲ ತಾನೇ, ಬಾಗಿಲ್ಲ ತಾನೇ ಎಂದು ಶುರು ಮಾಡಿದೆ. ಅಕ್ಕ ಸ್ಟೂಲಿನಿಂದ ಎದ್ದಳು.

"ಬೆಳಿಗ್ಗೆಯಿಂದ ಅಮ್ಮನ್ನ ಸಾಕ್ಷಿ ಕಟ್ಟೇಲಿ ನಿಲ್ಲಿಸಿದ್ದೀಯ. ಹೌದೋ ಅಲ್ವೋ, ಹೌದೋ ಅಲ್ವೋ. ಹಿಂದೆ ಹೋಗಿ ಏನು ಮಾಡ್ತಾಳೆ ಅಂತ ಒಂದು ಸಲನಾದ್ರೂ ಕೇಳಿದ್ದೀಯಾ ನೀನು?"

ಕೇಳಿರಲಿಲ್ಲ. ಸ್ಪರ್ಧೆಯಲ್ಲಿ ಎದುರಾಳಿಗೆ ತೆರೆದ ಪ್ರಶ್ನೆ ಹಾಕಬಾರದು, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನೇ ಹಾಕಬೇಕು ಎಂದು ನಮಗೆ ಕಲಿಸಿದ್ದರು. ನಾನು ನೆಲದ ಮೇಲೆ ಕೂತೆ. ದೊಡ್ಡಮ್ಮ, ನೀನು ಅಲ್ಲಿ ಏನೇನು ಮಾಡ್ತೀಯ, ಮೊದಲಿಂದ ಹೇಳು ಎಂದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆ ಹೇಳಿಕೊಡುವವಳ ಹಾಗೆ ಹೇಳಿದಳು. ಅಕ್ಷರದ ಹಲಗೆಯ ವೈರು ಅರಿಶಿನದ ತೂತಕ್ಕೆ. ಇಲಿಯದ್ದು ವಿಭೂತಿಯ ತೂತಕ್ಕೆ. ಎರಡೂ ಒಂದೇ ಥರ ದುಂಡಗಿವೆ, ಗುರುತಿಲ್ಲದಿದ್ದರೆ ಅದಲುಬದಲಾಗುತ್ತೆ. ಟಿ.ವಿ.ಯದ್ದು, ಅಂದರೆ ಪರದೆಯದ್ದು, ಕುಂಕುಮದ ತೂತಕ್ಕೆ. ಮೊದಮೊದಲು ಒಂದು ಸಲ ಕತ್ತಲಲ್ಲಿ ಪಕ್ಕದ ತೂತಕ್ಕೆ ಒತ್ತಿ ಒಂದು ಸೂಜಿ ಬಾಗಿಹೋಗಿತ್ತು, ಅಕ್ಕ ಅತ್ತುಬಿಟ್ಟಿದ್ದಳು, ಅವತ್ತೇ ಕುಂಕುಮ ಇಟ್ಟದ್ದು. ಹಬ್ಬಕ್ಕೆ ಹೊಸದಾಗಿ ಹಚ್ಚುವುದು, ಮಾಸಿದರೆ ನಡುವೆಯೂ ಹಚ್ಚುವುದು. ಕಣ್ಣು ಕಾಣಿಸದಿದ್ದರೆ ಬೆರಳಿಗೆ ತಗಲುತ್ತೆ.

"ಇವತ್ತೂ ಕುಂಕುಮದ ತೂತಕ್ಕೇ ಹಾಕಿದ್ದೀನಿ. ಪ್ರತಿ ಸಲಾನೂ. ನಾನೇನೂ ತಪ್ಪು ಮಾಡಿಲ್ಲ ಕಣೋ."

ಕುಂಕುಮದ ತೂತು. ಹಳೆಯದು. ಮುಖ್ಯ ಬೋರ್ಡಿನದು. ಹೊಸ ಕಾರ್ಡು ಕೂತ ಕ್ಷಣದಿಂದ ಹಳೆಯದು ತನ್ನ ಕೆಲಸ ನಿಲ್ಲಿಸಿ ಕಣ್ಣು ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರು ಬೆಳಿಗ್ಗೆಯಿಂದ ಹೊಸ ಕಿಂಡಿಯಲ್ಲಿ ಚೆಂದದ ಚಿತ್ರ ಕಳಿಸುತ್ತಲೇ ಇತ್ತು, ವೈರು ಮಾತ್ರ ಮುಚ್ಚಿದ ಅಂಗಡಿಯ ಮುಂದೆ ನಿಂತಿತ್ತು. ಗಟ್ಟಿಯಾಗಿ, ಎರಡು ಕಡೆಯ ತಿರುಪು ಸಮೇತ.

"ಕಾರ್ಡಿನ ಹೊಸ ತೂತಕ್ಕೆ ಹಾಕಬೇಕು ಅಂತ ನಿಂಗೆ..." ಎಂದು ಶುರು ಮಾಡಿ ನಿಲ್ಲಿಸಿದೆ.

"ಅದಕ್ಕೆ ಕುಂಕುಮ ಇಡೋಕೆ ಬಂದೆ. ನೀನೇ ಬೇಡ ಅಂದೆ. ಅದು ಉಪಯೋಗಕ್ಕಿಲ್ದೆ ಇರೋ ತೂತು ಅಂದ್ಕೊಂಡೆ."

ಅಕ್ಕ ನಗಲಿಲ್ಲ. ಗಡಿಯಾರ ನೋಡಿ, ಹೊಟ್ಟೆ ಒಳಗೆಳ್ಕೊಂಡು ತೂರು ಹೋಗು ಎಂದಳು. ನಾನು ಆ ಸಂದಿಗೆ ಒಂದು ಭುಜ ತೂರಿಸಿ, ಕೈ ಉದ್ದ ಮಾಡಿ, ತಿರುಪು ಬಿಚ್ಚಿ, ಕೆಳಗಿನ ಕಿಂಡಿಗೆ ವೈರು ಒತ್ತಿದೆ. ಕಿತ್ತಳೆ ದೀಪ ಹಸಿರಾಯಿತು ಎಂದು ಅಕ್ಕ ಹೇಳಿದಳು. ಆಮೇಲೆ ಅವಳ ದನಿ ಬಿದ್ದುಹೋಯಿತು.

ಎದ್ದು ನೋಡಿದರೆ ಪರದೆ ಬಂದಿದೆ, ಹಣ್ಣು ಮೊದಲಿಗಿಂತ ಹದಗೆಟ್ಟಿದೆ. ಇದ್ದದ್ದು ಹದಿನಾರೇ ಬಣ್ಣ. ಬಾದಾಮಿ ಹಣ್ಣಿನ ಮೈ ತುಂಬ ಹಳದಿ ಕೆಂಪು ಚುಕ್ಕೆ, ಯಾರೋ ಮೆಣಸಿನಕಾಯಿ ಬೀಜ ಎರಚಿದ ಹಾಗೆ. ಇದು ನನಗೆ ಗೊತ್ತಿದ್ದ ವಿಷಯ. ಹೊಸ ಕಾರ್ಡು ಬಂದಿದೆ ಎಂದು ವಿಂಡೋಸಿಗೆ ಪರಿಚಯ ಮಾಡಿಸಬೇಕು, ಅದಕ್ಕೆ ಕಾರ್ಡಿನ ಜೊತೆ ಬಂದ ಸಿ.ಡಿ. ಹಾಕಬೇಕು. ಚೀಲದಿಂದ ಸಿ.ಡಿ. ತೆಗೆಯುತ್ತಿದ್ದಾಗ ಹೊರಗೆ ಮೋಟಾರು ಬೈಕು ನಿಂತ ಸದ್ದಾಯಿತು. ಇನ್ನೂ ಮೂರು ಮುಕ್ಕಾಲು. ಮಂಡಿ ಯಜಮಾನರು ಕಾಲು ಗಂಟೆ ಮೊದಲೇ ಬಂದಿದ್ದರು.

ಅವರು ಒಳಗೆ ಬಂದು ಈ ಚುಕ್ಕೆಯ ಹಣ್ಣನ್ನು ನೋಡಿದರೆ ಕತೆ ಮುಗಿಯಿತು. ಎರಡು ಸಲ ನೋಡಿ ಎರಡು ಸಲವೂ ಕೆಟ್ಟದ್ದು ಕಂಡವನಿಗೆ ಮೂರನೆಯ ಸಲ ನೋಡಿ ಎಂದು ಯಾರು ಹೇಳುತ್ತಾರೆ. ಅಕ್ಕ ಬಾಗಿಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅಷ್ಟರಲ್ಲಿ ಜಗುಲಿಯಿಂದ ದೊಡ್ಡಪ್ಪನ ಮಾತು ಕೇಳಿಸಿತು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಒಂದು ವಿಷ್ಯ. ಈಗ ಯಮಗಂಡ ನಡೀತಾ ಇದೆ, ನಾಲ್ಕೂವರೆವರೆಗೂ. ಹೊಸ ಕೆಲ್ಸ, ಮೊದಲ ನೋಟ. ನಿಮಗೆ ಅವಸರ ಇದ್ರೆ ಈಗ್ಲೇ ನೋಡಿ, ನನ್ನದೇನೂ ಅಭ್ಯಂತರ ಇಲ್ಲ."

ಯಜಮಾನರಿಗೆ ಅವಸರವಿರಲಿಲ್ಲ. ಕುರ್ಚಿ ಎಳೆದ ಸದ್ದಾಯಿತು. ದೊಡ್ಡಮ್ಮ ಕಾಫಿಗೆ ಹಾಲಿಟ್ಟಳು.

ನಾನು ಆ ಯಮಗಂಡದ ಮರೆಯಲ್ಲೇ ಸಿ.ಡಿ. ಹಾಕಿದೆ. ಈ ಸಂಗತಿಯನ್ನು ದೊಡ್ಡಪ್ಪ ಆಮೇಲೆ ಎಷ್ಟೋ ಸಲ ನನ್ನ ಮೇಲೆ ಎಸೆದಿದ್ದಾರೆ, ಹಾಗಾಗಿ ನನ್ನ ಉತ್ತರವನ್ನು ಇಲ್ಲಿಯೂ ದಾಖಲಿಸುತ್ತೇನೆ. ಯಮಗಂಡ ಕಾಲದಿಂದ ಅಂದು ಸಾಬೀತಾದದ್ದು ಇಷ್ಟೇ: ಒಬ್ಬ ದೊಡ್ಡ ಮನುಷ್ಯನನ್ನು ಮುಕ್ಕಾಲು ಗಂಟೆ ಕುರ್ಚಿಯಲ್ಲಿ ಕೂರಿಸಲು ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ಜಿಲ್ಲೆಯಲ್ಲಿ ಇಲ್ಲ. ಗ್ರಹಗಳ ಬಗ್ಗೆ ಏನೂ ಸಾಬೀತಾಗಲಿಲ್ಲ. ಆದರೆ ಅಂದು ಆ ಸಾಧನವನ್ನು ನಮಗಾಗಿ ಬಳಸಿದವರು, ಬೆಳಿಗ್ಗೆಯಿಂದ ನನ್ನ ಬಾಯಲ್ಲಿ ಸಿಕ್ಕಿ ಹಣ್ಣಾಗಿದ್ದ ಮನುಷ್ಯ. ಅದನ್ನು ಒಪ್ಪುತ್ತೇನೆ.

ವಿಂಡೋಸು ಎರಡು ಸಲ ಮಲಗಿ ಎದ್ದಿತು. ಬಣ್ಣಗಳ ಸಂಖ್ಯೆಯನ್ನು ಅಕ್ಕನೇ ಕೊನೆಯವರೆಗೆ ಏರಿಸಿದಳು. ಆಮೇಲೆ ತನ್ನ ಲೇಬಲ್ಲನ್ನು ತೆರೆದಳು. ತೊಟ್ಟಿನ ಹತ್ತಿರ ಕೆಂಪು, ಅಲ್ಲಿಂದ ಇಳಿಯುತ್ತಾ ಕೇಸರಿ, ಹೊಟ್ಟೆಯ ಕಡೆ ಹಳದಿ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ. ಅವಳು ಮೂರು ವಾರದಿಂದ ಕಣ್ಣಿಗೆ ಕಾಣಿಸದೆ ಬರೀ ಅಂದಾಜಿನಲ್ಲಿ ಹಚ್ಚಿದ ಬಣ್ಣ ಅದು. ಅವಳೂ ಅಂದೇ ಮೊದಲ ಸಲ ಅದನ್ನು ನೋಡುತ್ತಿದ್ದಳು.

ನಾಲ್ಕೂವರೆಗೆ ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕನ್ನಡಕ ಹಾಕಿಕೊಂಡು ಹತ್ತಿರ ನೋಡಿದರು, ತೆಗೆದು ದೂರ ನಿಂತು ನೋಡಿದರು. ಹುಟ್ಟಿದಾಗಿನಿಂದ ಹಣ್ಣನ್ನು ಕೈಯಲ್ಲಿ ತಿರುಗಿಸಿ ನೋಡಿದವರು, ಗಾಜಿನ ಮೇಲಿನ ಹಣ್ಣನ್ನೂ ತಿರುಗಿಸಲು ಹೋದ ಹಾಗೆ ಅವರ ಕೈ ಒಂದು ಸಲ ಮುಂದೆ ಬಂತು. ಆಮೇಲೆ ಅರ್ಧ ತಮಗೇ ಎಂಬಂತೆ ತೆಲುಗಿನಲ್ಲಿ, "ಇದೀ ಪಂಡಂಟೇ" ಎಂದರು. ಹಣ್ಣೆಂದರೆ ಇದು. ಕೂಡಲೇ ಅಷ್ಟು ಸುಲಭವಾಗಿ ಒಪ್ಪಿಬಿಟ್ಟೆನಲ್ಲ ಅನ್ನಿಸಿತೇನೋ, ತೊಟ್ಟು ಸ್ವಲ್ಪ ಗಿಡ್ಡ ಆಯಿತು, ತೆಲುಗು ಸಾಲು ಒಂದು ಕೂದಲೆಳೆ ದೊಡ್ಡದಾಗಲಿ ಎಂದರು. ಅಕ್ಕ ಅವರ ಎದುರಿಗೇ ಎರಡನ್ನೂ ಸರಿ ಮಾಡಿದಳು. ನಾಳೆ ಬೆಂಗಳೂರಿಗೆ ಹೋಗುವಾಗ ನಾನೇ ಪ್ರೆಸ್ಸಿಗೆ ಕೊಡ್ತೀನಿ, ಇದನ್ನ ಸಿ.ಡಿ.ಗೆ ಹಾಕಿಡಮ್ಮಾ ಎಂದು ಹೇಳಿ, ಬಾಗಿಲ ಹತ್ತಿರ ತಿರುಗಿ, ರಸಪುರಿಗೂ ಒಂದು ಮಾಡಿಡು ಎಂದರು.

ಒಂಬತ್ತು ದಿನದ ನಂತರ, ಭಾನುವಾರ, ಮತ್ತೆ ಹೋದೆ. ಅಚ್ಚಾದ ಲೇಬಲ್ಲಿನ ಮೊದಲ ಕಟ್ಟಿನಿಂದ ಯಜಮಾನರು ಒಂದು ಹಿಡಿ ಅಕ್ಕನಿಗೆ ಕೊಟ್ಟು ಹೋಗಿದ್ದರು. ಒಂದು ತಕರಾರು ಮಾತ್ರ ಉಳಿದಿತ್ತು. ದೊಡ್ಡಮ್ಮನ ಬೆರಳು ಮೂರು ವರ್ಷದ ಅಭ್ಯಾಸದಿಂದ ಹಳೆಯ ಕಿಂಡಿಗೇ ಹೋಗುತ್ತಿತ್ತು, ಅಕ್ಕ ದಿನಾ ಬೆಳಿಗ್ಗೆ ಕಾವಲು ನಿಲ್ಲಬೇಕಾಗಿತ್ತು. ನಾನು ಪೆಟ್ಟಿಗೆಯನ್ನು ಬೆಳಕಿಗೆ ಎಳೆದು, ತಟ್ಟೆ ತಾ ದೊಡ್ಡಮ್ಮ ಎಂದೆ. ಉಂಗುರದ ಬೆರಳಿನಿಂದ ಕುಂಕುಮ ತೆಗೆದು ಹೊಸ ಕಿಂಡಿಯ ಪಕ್ಕ ಇಟ್ಟೆ. ಇದು ಪೂಜೆ ಅಲ್ಲ, ಗುರುತು, ಎರಡಕ್ಕೂ ವ್ಯತ್ಯಾಸ ಇದೆ ಎಂದೆ.

"ಹೆಸರು ನಿಂಗೆ ಬೇಕಾದ್ದು ಇಟ್ಕೋ. ದಪ್ಪಗೆ ಹಚ್ಚು, ಬೆರಳಿಗೆ ಸಿಗಬೇಕು" ಎಂದಳು.

ಹಚ್ಚಿದೆ. ಹಳೆಯದನ್ನ ಒರೆಸಿಬಿಡು, ಇಲ್ಲದಿದ್ದರೆ ಎರಡು ಕುಂಕುಮವಾಗುತ್ತೆ ಎಂದೆ. ಅವಳು ಒರೆಸಲ್ಲ ಎಂದಳು. ಇಟ್ಟ ಕುಂಕುಮವನ್ನ ನನ್ನ ಕೈಯಾರೆ ಒರ್ಸೋದಿಲ್ಲ ಕಣೋ, ನೀನೂ ಒರೆಸಬೇಡ. ಜಗುಲಿಯಲ್ಲಿ ದೊಡ್ಡಪ್ಪ ಕೆಮ್ಮಿದರು. ಈ ಮಾತಿನ ವಿರುದ್ಧ ನನ್ನ ಬಳಿ ಕನಿಷ್ಠ ನಾಲ್ಕು ವಾದಗಳಿದ್ದವು, ನಾಲ್ಕೂ ಗಟ್ಟಿ ವಾದಗಳೇ. ನಾನು ಅಕ್ಕನ ಮೇಜಿನಿಂದ ಒಂದು ಬಾದಾಮಿ ಲೇಬಲ್ಲು ತೆಗೆದುಕೊಂಡು, ಹಿಂದೆ ಗೋಂದು ಸವರಿ, ಹಳೆಯ ಕಿಂಡಿಯೂ ಅದರ ಕುಂಕುಮವೂ ಒಟ್ಟಿಗೆ ಮುಚ್ಚಿಹೋಗುವ ಹಾಗೆ ಅಂಟಿಸಿದೆ. ದೊಡ್ಡಮ್ಮ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದಳು. ಕಾಗದ ನುಣ್ಣಗಿತ್ತು, ಅದಕ್ಕಿಂತ ಕೆಳಗೆ, ಹೊಸ ಕಿಂಡಿಯ ಪಕ್ಕದ ಕುಂಕುಮ ದೊರಗಾಗಿತ್ತು. ಬೆರಳು ನುಣ್ಣಗಿನದನ್ನು ದಾಟಿ ದೊರಗಿನ ಮೇಲೆ ನಿಂತಿತು. ಸರಿ ಎಂದು ತಲೆಯಾಡಿಸಿ, ಪೆಟ್ಟಿಗೆ ಒಳಗೆ ತಳ್ಳು ಎಂದಳು.